ಗಂಗಳ ಹಿಡಿದು ಓಟಿಗೆ ಹೋದ ಕದಿರಮ್ಮ

ತ್ಯಾಮಗೊಂಡ್ಲು ಪಕ್ಕದ ಹಳ್ಳಿಯ ಕದಿರಮ್ಮ ಹಿತ್ತಲಲ್ಲಿ ನಿಂತು ಕೋಳಿ ಕರೆದರೆ ನೆಲಮಂಗಲದ ಕೋಳಿಗಳು ಬಸ್ಸು ಹತ್ತಿ ಬರುತ್ತಿದ್ದವು. ಅಂಥ ಗಂಟಲು ಒಂದೇ ಒಂದು ಮಾತಿಗೆ ಬೀಗ ಹಾಕಿಕೊಳ್ಳುತ್ತಿತ್ತು: ಗಂಡನ ಹೆಸರು. ಹೆಂಡತಿಯ ಬಾಯಲ್ಲಿ ಅದು ಬಂದರೆ ಗಂಡನ ಆಯುಸ್ಸು ಸವೆಯುತ್ತದೆಂದು ಅಜ್ಜಿ ಹೇಳಿದ್ದಳು. ಬೇರೆ ಹೆಂಗಸರು ಹೆಸರು ಹೇಳದೆ ಇರುವಷ್ಟಕ್ಕೆ ನಿಲ್ಲಿಸುತ್ತಿದ್ದರು. ಕದಿರಮ್ಮ ನಿಲ್ಲಿಸುವವಳಲ್ಲ. ಗಂಡ ಗಂಗಣ್ಣ, ಆದ್ದರಿಂದ ಶಿವಗಂಗೆ ಅವಳಿಗೆ ಬರೀ 'ಆ ಬೆಟ್ಟ'. ಊಟದ ಗಂಗಳ ಬರೀ 'ಉಣ್ಣೋದು'. ಒಡಹುಟ್ಟಿದ ಅಣ್ಣನನ್ನೂ ಮದುವೆಯಾದ ದಿನದಿಂದ 'ನಮ್ಮಪ್ಪನ ಮಗ' ಎಂದೇ ಕರೆಯುತ್ತಿದ್ದಳು. ತಂಗಿ ಆಸ್ತಿಯಲ್ಲಿ ಭಾಗ ಕೇಳಲು ಬಂದಳೆಂದು ಅವನು ಮೊದಮೊದಲು ಹೆದರಿದ್ದ.

ಈ ನೇಮ ಅರವತ್ತೆರಡರ ಚುನಾವಣೆಯಲ್ಲಿ ಕೈಕೊಟ್ಟಿತು. ಊರ ಶಾಲೆಯಲ್ಲಿ ಮತಗಟ್ಟೆ. ಮತದಾರರ ಗುರುತು ಹೇಳಬೇಕಿದ್ದ ಪಕ್ಷದ ಏಜೆಂಟರೆಲ್ಲ ಬಿಸಿ ಬೋಂಡದ ವಾಸನೆ ಹಿಡಿದು ಹೊರಗೆ ಹೋಗಿದ್ದರು.

"ಗಂಡನ ಹೆಸರು?" ಎಂದರು ಅಧಿಕಾರಿ.

"ಆ ಬೆಟ್ಟದ ಹೆಸರೇ, ಸ್ವಾಮಿ," ಎಂದು ಕದಿರಮ್ಮ ಕಿಟಕಿಯಾಚೆ ಕೈ ತೋರಿಸಿದಳು.

ಬೆಂಗಳೂರಿನಿಂದ ಬಂದ ಅವರಿಗೆ ಬೆಟ್ಟವೆಲ್ಲ ಬೆಟ್ಟವೇ. ಮತದಾರರ ಪಟ್ಟಿ ಹುಡುಕಿ, "ಸಿಕ್ತು. ಕದಿರಮ್ಮ, ಬೆಟ್ಟಪ್ಪನ ಹೆಂಡತಿ," ಎಂದು ಗಟ್ಟಿಯಾಗಿ ಓದಿದರು.

ಊರಲ್ಲಿ ಇನ್ನೊಬ್ಬ ಕದಿರಮ್ಮ ಇದ್ದಳು. ಅವಳ ಗಂಡ ಬೆಟ್ಟಪ್ಪ ಗೊರಕೆ ಹೊಡೆದರೆ ಗುಡುಗೆಂದು ತಿಳಿದು ತುಮಕೂರಿನವರು ಒಣಹಾಕಿದ ಬಟ್ಟೆ ಎತ್ತಿಡುತ್ತಿದ್ದರು. ಅಂಥವನ ಹೆಂಡತಿಯಾಗಿ ಓಟು ಹಾಕುವುದಕ್ಕಿಂತ ಹಾಕದಿರುವುದೇ ಮೇಲೆಂದು ಕದಿರಮ್ಮ ಸೆರಗು ಬಿಗಿದು ಹೊರಬಂದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಮುತ್ಯಾಲಮ್ಮನಿಗೆ ಅಷ್ಟೇ ಸಾಕಾಯಿತು. ಮುಂದಿನ ಚುನಾವಣೆಯವರೆಗೂ ಬಾವಿಕಟ್ಟೆಯಲ್ಲಿ, "ಏನಮ್ಮಾ, ಬೆಟ್ಟಪ್ಪ ಚೆನ್ನಾಗವ್ನಾ?" ಎಂದು ಕುಶಲ ವಿಚಾರಿಸಿದಳು.

ಅರವತ್ತೇಳು ಬಂತು.

"ಹೆಸರು ಹೇಳ್ಬಿಡೇ, ನಾನೇನು ಸಾಯಲ್ಲ," ಎಂದ ಗಂಗಣ್ಣ.

"ಸತ್ರೆ ಯಾರು ಜವಾಬ್ದಾರಿ? ಓಟು ಕೇಳಕ್ಕೆ ಬಂದೋನಾ?"

"ಹಂಗಾದ್ರೆ ಮನೇಲಿರು."

"ಇರಲ್ಲ. ಹೆಸರೂ ಹೇಳಲ್ಲ, ಓಟೂ ಬಿಡಲ್ಲ."

ಓಟಿನ ದಿನ ಅವಳು ಗಂಡ ಉಣ್ಣುವ ಕಂಚಿನ ಗಂಗಳವನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು. ಅದರ ಹೊಳಪಿಗೆ ನಾಚಿ ಸೂರ್ಯ ಮೋಡದ ಮರೆಗೆ ಸರಿದ. ಗಂಗಳ ಕಂಕುಳಲ್ಲಿಟ್ಟುಕೊಂಡು ಬಂದವಳನ್ನು ಶಾಲೆಯ ಬಾಗಿಲಲ್ಲಿ ಪೊಲೀಸಿನವನು ತಡೆದ.

"ಇದೇನಮ್ಮಾ, ಒಳಗೆ ಊಟ ಹಾಕ್ತಾರೆ ಅಂದ್ಕೊಂಡ್ಯಾ?"

"ಹಸಿವಾದ್ರೆ ಆಮೇಲೆ ಮನೆಗೆ ಬಾರಪ್ಪಾ. ಈಗ ದಾರಿ ಬಿಡು."

ಒಳಗೆ ಹೊಸ ಅಧಿಕಾರಿ, ಹಳೇ ಪ್ರಶ್ನೆ. ಈ ಸಲ ಜಾಗ ಬಿಡದೆ ಕೂತಿದ್ದ ಏಜೆಂಟ್ ಪಿಳ್ಳಪ್ಪ ಉಪಕಾರ ಮಾಡಲು ಬಾಯಿ ತೆರೆದ.

"ನೀನು ಸುಮ್ಕಿರು, ಪಿಳ್ಳಪ್ಪ. ಓಟು ನಂದು," ಎಂದು ಕದಿರಮ್ಮ ಗಂಗಳವನ್ನು ಮೇಜಿನ ಮೇಲಿಟ್ಟಳು. "ಇದಕ್ಕೇನಂತಾರೆ, ಸ್ವಾಮಿ?"

"ತಟ್ಟೆ," ಎಂದರು ಅಧಿಕಾರಿ.

"ಅದು ನಿಮ್ಮೂರಲ್ಲಿ. ನಮ್ಮೂರಲ್ಲಿ?"

ಅಧಿಕಾರಿ ಸಾಲಿನ ಕಡೆ ನೋಡಿದರು. ನಾಲಿಗೆ ತಡೆಯಲಾರದ ಮುತ್ಯಾಲಮ್ಮನೇ ಅಂದಳು, "ಗಂಗಳ, ಸ್ವಾಮಿ."

"ಅದರ ಬಾಲ ಕತ್ತರಿಸಿ," ಎಂದಳು ಕದಿರಮ್ಮ. "ನಿಮಗಿಂತ ಮೊದ್ಲು ನಿಮ್ಮವ್ವನ ಹೊಟ್ಟೇಲಿ ಹುಟ್ಟಿದೋನ್ನ ಏನಂತೀರಾ?"

"ಅಣ್ಣ."

"ಎರಡನ್ನೂ ಸೇರಿಸಿ ಹೊಲೀರಿ."

ಅಧಿಕಾರಿಯ ಪೆನ್ಸಿಲ್ಲು ಪಟ್ಟಿಯ ಮೇಲೆ ತೆವಳಿತು. "ಗಂಗ... ಗಂಗಣ್ಣ. ಕದಿರಮ್ಮ, ಗಂಗಣ್ಣನ ಹೆಂಡತಿ."

"ನೀವೇ ಹೇಳಿದ್ದು. ನಾನಲ್ಲ," ಎಂದು ಕದಿರಮ್ಮ ತಾಳಿಯನ್ನು ಕಣ್ಣಿಗೊತ್ತಿಕೊಂಡು, ಶಾಯಿಗೆ ಬೆರಳು ಚಾಚಿದಳು. ವಿಧಾನಸಭೆಗೊಂದು, ಲೋಕಸಭೆಗೊಂದು, ಎರಡು ಚೀಟಿ. ಎರಡಕ್ಕೂ ಮುದ್ರೆ ಒತ್ತಿದ ರಭಸಕ್ಕೆ ಶಾಲೆಯ ಹೆಂಚುಗಳು ಎರಡು ಸಲ ಅಲುಗಿದವು.

ಗಂಗಣ್ಣ ಆಚೆ ಹುಣಸೆಮರದ ಕೆಳಗೆ ಕಾಯುತ್ತಿದ್ದ. ಕದಿರಮ್ಮ ಮೊದಲು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಉಸಿರಾಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡಳು.

"ಯಾರಿಗಾಕ್ದೆ?" ಎಂದ.

"ತಾಳಿ ಕಟ್ಟಿದೋನ ಹೆಸರೇ ಹೇಳದೋಳು ನಾನು. ಓಟು ಹಾಕಿಸ್ಕೊಂಡೋನ ಹೆಸರು ಹೇಳ್ತೀನಾ?"

ಎಪ್ಪತ್ತೆರಡಕ್ಕೂ ಎಪ್ಪತ್ತೆಂಟಕ್ಕೂ ಗಂಗಳ ಅವಳ ಜೊತೆಗೇ ಮತಗಟ್ಟೆಗೆ ಹೋಗಿಬಂತು. ಗಂಗಣ್ಣ ಅದೇ ಗಂಗಳದಲ್ಲಿ ಮುದ್ದೆ ಮುರಿಯುತ್ತಾ ಪ್ರತಿ ಸಲವೂ "ಯಾರಿಗಾಕ್ದೆ?" ಎಂದೇ ಕೇಳಿದ. ಪ್ರತಿ ಸಲವೂ ಅವಳು ಬಡಿಸಿದ್ದು ಬರೀ ಸಾರನ್ನು.