ಬ್ರೇಕಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಇವತ್ತು ಬೆಳಿಗ್ಗೆ ತಲೆ ಬಾಚಿಕೊಳ್ಳೋಣವೆಂದು ಕೊಬ್ಬರಿ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಹಾಗೇ ನಿಂತಿತು. ಹಜಾರದ ಗೋಡೆಗೆ ಒರಗಿಸಿಟ್ಟ ಮೊಮ್ಮಗಳ ಸೈಕಲ್ಲು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ನಗಬೇಡಿ. ಎಪ್ಪತ್ತೆರಡು ವರ್ಷದವಳು ಸೈಕಲ್ಲಿಗೆ ಹೆದರಬೇಕಾದರೆ ಕಾರಣವಿರಲೇಬೇಕಲ್ಲ? ಹೇಳುತ್ತೇನೆ. ಒಂದೇ ಬೆರಳಲ್ಲಿ ಟೈಪು ಮಾಡುತ್ತಿದ್ದೇನೆ, ನೀವೂ ಸ್ವಲ್ಪ ನಿಧಾನವಾಗಿಯೇ ಓದಿ.

ಎಣ್ಣೆಯ ಮೇಲೆ ನನಗೆ ಮೊದಲಿನಿಂದಲೂ ಅಪಾರ ನಂಬಿಕೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಮಗು ಕಿರುಗುಟ್ಟಿದರೂ ಎಣ್ಣೆ, ಹೊಲಿಗೆ ಮಿಷನ್ನು ಮುನಿಸಿಕೊಂಡರಂತೂ ಎರಡು ತೊಟ್ಟು ಜಾಸ್ತಿ. ನಾವು ಅಗ್ರಹಾರಕ್ಕೆ ಬಂದ ಹೊಸದರಲ್ಲಿ ನಮ್ಮ ಯಜಮಾನರು ಮಾರ್ಕೆಟ್ಟಿನ ಅಂಗಡಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಆಯುಧಪೂಜೆ ಬಂತೆಂದರೆ ಅದನ್ನು ತೊಳೆದು, ಎಣ್ಣೆ ಬಟ್ಟೆಯಲ್ಲಿ ತಿಕ್ಕಿ ಫಳಫಳ ಹೊಳೆಸುವುದು ನನ್ನ ಕೆಲಸ. ಆ ಸೈಕಲ್ಲಿಗೆ ಬ್ರೇಕು ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅವರು ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದರು. ಎಡಗಾಲಿನ ಚಪ್ಪಲಿ ಸವೆದು ಕಾಗದವಾಗಿರುತ್ತಿತ್ತು, ಬಲಗಾಲಿನದು ಹೊಸದರಂತೆ ಇರುತ್ತಿತ್ತು.

ಮೊಮ್ಮಗಳು ಶಿವಾನಿಯ ಸೈಕಲ್ಲು ಆ ಜಾತಿಯದಲ್ಲ. ದಪ್ಪ ದಪ್ಪ ಟೈರು, ಕಲ್ಲು ಮಣ್ಣು ಹಾರಿಕೊಂಡು ಹೋಗುವಂಥದ್ದು. ಪ್ರತಿ ಭಾನುವಾರ ಬೆಳಿಗ್ಗೆ ಒಂದು ಕ್ಲಬ್ಬಿನವರ ಜೊತೆ ಊರಾಚೆಯ ಗುಡ್ಡಗಳಿಗೆ ಹೋಗುತ್ತಾಳೆ. ಕ್ಲಬ್ಬು ನಡೆಸುವವರು ಫಿಲೋಮಿನಾ ಮಿಸ್ಸು. ಸ್ಕೂಲಿನಲ್ಲಿ ಆಟ ಕಲಿಸಿ ರಿಟೈರ್ ಆದವರು. ಪೂಜೆಗೆ ಹೋದ ದಿನ ಚರ್ಚಿನಲ್ಲೂ ಅವರ ಕೊರಳಲ್ಲಿ ಸೀಟಿ ಇರುತ್ತದೆಂದು ಹುಡುಗರು ಹೇಳುತ್ತಾರೆ. ಅವರ ಕಟ್ಟಳೆಗಳು ಬಹಳ. ಹೆಲ್ಮೆಟ್ಟಿಲ್ಲದೆ ಪೆಡಲು ಮುಟ್ಟುವ ಹಾಗಿಲ್ಲ. ಎದುರಿಗೆ ಹಸು ಬಂದರೆ ಇಳಿದು ದಾರಿ ಬಿಡಬೇಕು. ಬಿಸ್ಕತ್ತಿನ ಕಾಗದ ಜೇಬಿನಲ್ಲೇ ವಾಪಸ್ಸು ಬರಬೇಕು.

ಅಲ್ಲಿ ಎಲ್ಲರಿಗಿಂತ ಮುಂದೆ ಓಡುವವರಿಗೆ ಅಂಥ ಮರ್ಯಾದೆಯೇನಿಲ್ಲ. ಮರ್ಯಾದೆಯೆಲ್ಲ ಕೊನೆಯಲ್ಲಿ ಬರುವವರಿಗೆ. ಔಷಧಿಯ ಕೆಂಪು ಬ್ಯಾಗು ಅವರ ಬೆನ್ನ ಮೇಲಿರುತ್ತದೆ. ಯಾರಾದರೂ ಬಿದ್ದರೆ, ಯಾರದಾದರೂ ಟೈರು ಪಂಕ್ಚರಾದರೆ ಅವರು ನಿಲ್ಲಬೇಕು. ಒಬ್ಬರನ್ನೂ ಹಿಂದೆ ಬಿಟ್ಟು ಬರಬಾರದು. ಆ ಬ್ಯಾಗಿಗಾಗಿ ಶಿವಾನಿ ಒಂದು ವರ್ಷ ಕಾದಿದ್ದಳು. ಹೋದ ವರ್ಷ ಆಯುಧಪೂಜೆ ಮುಗಿದ ಮೊದಲ ಭಾನುವಾರ ಅದು ಅವಳ ಬೆನ್ನಿಗೆ ಎಂದು ಮಿಸ್ಸು ಮೊದಲೇ ಹೇಳಿದ್ದರು.

ಪೂಜೆಯ ದಿನ ಸೈಕಲ್ಲು ತೊಳೆದಿಟ್ಟು ಅವಳು ಸ್ನಾನಕ್ಕೆ ಹೋದಳು. ನಾನು ಕಂಬಿಗೆ ಮೂರು ಬೆರಳಿನಿಂದ ವಿಭೂತಿ ಎಳೆದೆ, ಚೆಂಡು ಹೂ ಕಟ್ಟಿದೆ. ಆಗ ಕಣ್ಣಿಗೆ ಬಿತ್ತು ನೋಡಿ, ಚಕ್ರದ ನಡುವೆ ತೂತು ತೂತಾದ ಒಂದು ಉಕ್ಕಿನ ತಟ್ಟೆ. ಅಷ್ಟು ಚಂದದ ತಟ್ಟೆಯನ್ನು ಒಣಗಿದ ಹಾಗೇ ಬಿಡುವುದೇ? ಎಣ್ಣೆ ಬಟ್ಟೆಯಲ್ಲಿ ಎರಡೂ ಚಕ್ರದ್ದು ಚೆನ್ನಾಗಿ ತಿಕ್ಕಿದೆ. ಮುಖ ನೋಡಿಕೊಳ್ಳಬಹುದಿತ್ತು. ಬ್ರೇಕು ಹಿಡಿಯುವುದು ಆ ತಟ್ಟೆಯನ್ನೇ ಎಂದು ನನಗೇನು ಗೊತ್ತು?

ಭಾನುವಾರ ಎಂಟು ಗಂಟೆಗೇ ಶಿವಾನಿ ಸೈಕಲ್ಲು ತಳ್ಳಿಕೊಂಡು ಬಂದಳು. ಬೆನ್ನ ಮೇಲೆ ಬ್ಯಾಗಿರಲಿಲ್ಲ.

"ಯಾಕೆ ಮಗಾ, ಇಷ್ಟು ಬೇಗ ಬಂದ್ಬುಟ್ಟೆ?"

"ಬ್ರೇಕ್ ಹಿಡೀಲಿಲ್ಲ ಅಜ್ಜಿ. ಮಿಸ್ಸು ವಾಪಸ್ ಕಳಿಸ್ಬುಟ್ರು."

ಗುಡ್ಡ ಹತ್ತಿ ಇಳಿಜಾರಿಗೆ ಬಿಡುವ ಮುಂಚೆ, ಬುಡದಲ್ಲೇ, ಒಬ್ಬೊಬ್ಬರೂ ಎರಡೂ ಬ್ರೇಕು ಒತ್ತಿ ಹಿಡಿಯಬೇಕಂತೆ, ಇನ್ನೊಬ್ಬರು ಹಿಂದಿನಿಂದ ತಳ್ಳಬೇಕಂತೆ. ಇವಳ ಸೈಕಲ್ಲು ಬೆಣ್ಣೆಯ ಮೇಲೆ ಇಟ್ಟ ಹಾಗೆ ಮುಂದಕ್ಕೆ ಜಾರಿಹೋಯಿತು.

"ದಾರೀಲೇ ಕೀ ಅಂತಿತ್ತು. ತೊಳೆದ ನೀರಿರ್ಬೇಕು ಅಂದ್ಕೊಂಡೆ. ಮಿಸ್ಸು, 'ನಿನ್ನ ಬ್ರೇಕೇ ನೀನು ನೋಡ್ಕೊಂಡಿಲ್ಲ, ನಿನ್ನ ನಂಬ್ಕೊಂಡು ಹದಿನಾಲ್ಕು ಜನನ ಎಂಗಮ್ಮ ಕಳಿಸ್ಲಿ' ಅಂದ್ರು. ಎಲ್ರ ಮುಂದೆ ಬ್ಯಾಗ್ ಇಸ್ಕೊಂಡ್ರು." ಅವಳು ಹೆಲ್ಮೆಟ್ಟು ಬಿಚ್ಚಿ ನೆಲದ ಮೇಲಿಟ್ಟಳು. "ಎಣ್ಣೆ ಕುಡ್ದಿದೆ ಇದು ಅಂದ್ರು. ಎಣ್ಣೆ ಎಲ್ಲಿಂದ ಬಂತೋ!"

ನನ್ನ ಬಾಯಲ್ಲಿ ಉಪ್ಪಿಟ್ಟಿತ್ತು. "ಯಾವ್ದಾದ್ರೂ ಲಾರಿಯೋನು ರಸ್ತೇಲಿ ಚೆಲ್ಲಿರ್ಬೇಕು ಕಣೇ," ಅಂದುಬಿಟ್ಟೆ. ಸುಳ್ಳಿಗೂ ಎಣ್ಣೆ ಹಚ್ಚಿದ್ದೆನೋ ಏನೋ, ಸಲೀಸಾಗಿ ಬಂತು.

ಅವಳು ಫೋನಿನಲ್ಲಿ ಆ ಇಳಿಜಾರಿನ ವಿಡಿಯೋ ತೋರಿಸಿದಳು. ಒಂದಾಳು ಅಗಲದ ಮಣ್ಣು ದಾರಿ, ಎಡಗಡೆ ಬರೀ ಬಂಡೆ, ಬಲಗಡೆ ಏನೂ ಇಲ್ಲ. ಏನೂ ಇಲ್ಲ ಅಂದರೆ ಗಾಳಿ. ಹಿಂದಿನಿಂದ ತಳ್ಳಿ ನೋಡುವ ಆ ಒಂದು ಕಟ್ಟಳೆ ಇಲ್ಲದಿದ್ದರೆ? ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅವಳಿಗೊಬ್ಬಳಿಗೇ ಹೇಳಿದರೆ ಸಾಲದು ಅನ್ನಿಸಿತು. ಬ್ಯಾಗು ಕಿತ್ತುಕೊಂಡದ್ದು ಎಲ್ಲರ ಮುಂದೆ, ತಪ್ಪೊಪ್ಪಿಗೆಯೂ ಎಲ್ಲರ ಮುಂದೆಯೇ ಆಗಬೇಕು. ಫೋಟೋ ನೋಡಲೆಂದು ಶಿವಾನಿ ನನ್ನನ್ನು ಕ್ಲಬ್ಬಿನ ಗ್ರೂಪಿಗೆ ಸೇರಿಸಿದ್ದಳು. ಅಲ್ಲಿ ಅದುವರೆಗೆ ನಾನು ಹಾಕಿದ್ದು ಕೈಮುಗಿಯುವ ಚಿತ್ರ ಮಾತ್ರ. ಊಟವಾದ ಮೇಲೆ ಕೂತವಳು, ಅಕ್ಷರ ಹುಡುಕಿ ಹುಡುಕಿ, ಒತ್ತಕ್ಷರದ ಹತ್ತಿರ ಬೆವೆತು, ದೀಪ ಹಚ್ಚುವ ಹೊತ್ತಿಗೆ ಇಷ್ಟು ಬರೆದೆ: "ನಾನು ಶಿವಾನಿ ಅಜ್ಜಿ. ಬ್ರೇಕಿನ ತಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದು ನಾನು. ಲಾರಿ ಅಲ್ಲ. ಬ್ಯಾಗು ಅವಳಿಗೆ ಕೊಡಿ."

ಯಾವ ಲಾರಿ ಎಂದು ಗ್ರೂಪಿನವರೆಲ್ಲ ಕೇಳಿದರು. ಒಳಗಿನ ರೂಮಿನಿಂದ "ಅಜ್ಜೀ!" ಎಂದು ಒಂದು ಕೂಗು ಬಂತು. ಅದರಲ್ಲಿ ಕೋಪ ಎಷ್ಟಿತ್ತು, ನಗು ಎಷ್ಟಿತ್ತು ಎಂದು ಅಳೆಯುವ ಧೈರ್ಯ ನನಗಾಗಲಿಲ್ಲ.

ಮರುದಿನ ಫಿಲೋಮಿನಾ ಮಿಸ್ಸು ಮನೆಗೇ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಎಣ್ಣೆ ನಿಮ್ದು ಅಮ್ಮ, ಒಪ್ದೆ. ಹೊರಡೋ ಮುಂಚೆ ನೋಡ್ಕೊಳ್ದೆ ಇದ್ದಿದ್ದು ಅವಳದು. ನಾಲ್ಕು ಭಾನುವಾರ ಬ್ಯಾಗ್ ಕೊಡಲ್ಲ," ಅಂದರು.

"ನಾನು ಒಪ್ಕೊಂಡ್ರೂನೂವೆ?"

"ಒಪ್ಕೊಂಡಿದ್ಕೆ ನಿಮಗೂ ಕೆಲಸ ಇದೆ. ಭಾನುವಾರ ಬನ್ನಿ. ಎಲ್ರ ಸೈಕಲ್ಲೂ ಹಿಂದಿನಿಂದ ನೀವೇ ತಳ್ಬೇಕು. ಚಕ್ರ ಅಲ್ಲಾಡಿದ್ರೆ ಯಾರನ್ನೂ ಬಿಡ್ಬೇಡಿ."

"ನನ್ನ ಕೈಲಾಗುತ್ತಾ ಮಿಸ್ಸೇ?"

"ತಪ್ಪನ್ನ ಲಾರಿ ಮೇಲೇ ತಳ್ಳಿದೋರು ನೀವು. ಸೈಕಲ್ ಯಾವ ಲೆಕ್ಕ ಕಣ್ರೀ?"

ಅಂದಿನಿಂದ ಭಾನುವಾರಗಳಲ್ಲಿ ಅವರ ಸ್ಕೂಟರಿನ ಹಿಂದೆ ಕೂತು ಹೋಗುತ್ತೇನೆ, ಹೆಲ್ಮೆಟ್ಟು ಹಾಕಿಕೊಂಡೇ. ಅವರ ಸೈಕಲ್ಲನ್ನು ಹುಡುಗರ ಮನೆಯವರು ಯಾರಾದರೊಬ್ಬರು ಅಲ್ಲಿಗೆ ತಂದುಕೊಡುತ್ತಾರೆ. ಸೀರೆಯ ನೆರಿಗೆ ಸಿಕ್ಕಿಸಿ ಹದಿನೈದು ಸೈಕಲ್ಲು ತಳ್ಳುತ್ತೇನೆ. ದಾಕ್ಷಿಣ್ಯವಿಲ್ಲ. ಮೂರನೆಯ ವಾರ ಮಿಸ್ಸಿನ ಸೈಕಲ್ಲಿನ ಹಿಂದಿನ ಚಕ್ರವೇ ಒಂದು ಗೇಣು ಜಾರಿತು. "ಇಳೀರಿ ಮಿಸ್ಸೇ," ಅಂದೆ. ಸೀಟಿ ಕಚ್ಚಿಕೊಂಡು ಇಳಿದರು. ಐದನೆಯ ಭಾನುವಾರ ಅವರೇ ಬ್ಯಾಗನ್ನು ಶಿವಾನಿಯ ಬೆನ್ನಿಗೆ ಹಾಕಿದರು. ನಾನು ಕೆಳಗೆ ಕಲ್ಲಿನ ಮೇಲೆ ಕೂತು ಹೆಲ್ಮೆಟ್ಟು ಎಣಿಸಿದೆ. ಹದಿನಾಲ್ಕು ಬಂದ ಮೇಲೂ ತಿಂಡಿ ಡಬ್ಬಿ ತೆಗೆಯಲಿಲ್ಲ. ಹದಿನೈದನೆಯದು ಕಂಡ ಮೇಲೆ ತೆಗೆದೆ.

ಇವತ್ತೂ ಭಾನುವಾರವೇ. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಾಗಲೇ ಶಿವಾನಿ ಕೆಂಪು ಬ್ಯಾಗು ಹಾಕಿಕೊಂಡು ಹೊರಬಂದಳು. ಮೂಗು ಅರಳಿಸಿದಳು.

"ಅಜ್ಜಿ, ಕೈ ತೋರ್ಸು."

"ಮುಟ್ಟಿಲ್ಲ ಕಣೇ. ವಿಭೂತಿ ಆಣೆ."

"ಆಣೆ ಬ್ಯಾಡ. ತಳ್ಳು."

ಕೈಯನ್ನು ಸೋಪಿನಲ್ಲಿ ತೊಳೆದು, ಒರೆಸಿಕೊಂಡು ಬಂದೆ. ಅವಳು ಎರಡೂ ಬ್ರೇಕು ಒತ್ತಿ ಹಿಡಿದಳು. ನಾನು ಸೈಕಲ್ಲಿನ ಸೀಟಿಗೆ ಕೈ ಕೊಟ್ಟು, ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದೆ.

ಚಕ್ರ ಅಲ್ಲಾಡಲಿಲ್ಲ. ನನ್ನ ಕಾಲೇ ಹಿಂದಕ್ಕೆ ಜಾರಿತು.