ಕಿಟಕಿಯಿಂದ ಹಾಕಿದ ಬ್ಯಾಗು

ನನ್ನ ಸೋದರಮಾವನ ಎಡಗಿವಿ ಹೋದದ್ದಕ್ಕೆ ಇಬ್ಬರು ಕಾರಣ. ಒಬ್ಬ ಹೊಡೆದವನು, ಇನ್ನೊಬ್ಬಳು ನಾನು. ಹೊಡೆದವನ ಮುಖ ನನಗೆ ನೆನಪಿಲ್ಲ. ಆದ್ದರಿಂದ ನನ್ನ ವಿಷಯವನ್ನೇ ಹೇಳುತ್ತೇನೆ.

ಆ ವಾರವೆಲ್ಲ ಟಿ.ವಿ.ಯಲ್ಲಿ ಎಲ್ಲೋ ದೂರದ ನಗರದ ಸ್ಫೋಟದ ಸುದ್ದಿ. ಬಾಂಬನ್ನು ಕುಕ್ಕರಿನಲ್ಲಿ ಇಟ್ಟಿದ್ದರಂತೆ. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಒಂದು ಗೇಟು ಬಿಟ್ಟು ಉಳಿದವನ್ನೆಲ್ಲ ಮುಚ್ಚಿದ್ದರು. ಆ ಒಂದು ಗೇಟಿಗೆ ಲೋಹ ಪತ್ತೆ ಮಾಡುವ ಚೌಕಟ್ಟು ಬಂದಿತ್ತು. ಅದು ಬೆಲ್ಟಿನ ಬಕಲ್ಲಿಗೂ ಕೂಗುತ್ತಿತ್ತು, ಕುಡುಗೋಲಿಗೂ ಕೂಗುತ್ತಿತ್ತು. ಕಾವಲಿನವನು ಎಲ್ಲರಿಗೂ ‘ನಡೀರಿ, ನಡೀರಿ’ ಎನ್ನುತ್ತಿದ್ದ. ಸಾಲಿನಲ್ಲಿ ನಿಲ್ಲಲಾರದವರು ಹೆದ್ದಾರಿಯಲ್ಲೇ ಓಡುವ ಬಸ್ಸಿಗೆ ಜೋತುಬೀಳುತ್ತಿದ್ದರು.

‘ಮಾವ, ಬಾಂಬಿಂದ ಸಾಯೋರಿಗಿಂತ ಈ ಗೇಟ್ ಮುಚ್ಚಿದ್ದಕ್ಕೆ ಲಾರಿ ಕೆಳಗೆ ಸಾಯೋರೇ ಜಾಸ್ತಿ ಆಗ್ತಾರೆ ನೋಡ್ತಿರು,’ ಎಂದೆ.

‘ಭಾಷಣ ಆಮೇಲೆ ಬಿಗಿಯೇ. ಬಸ್ ಬಂತು, ಸೀಟು ಹಿಡಿ. ನಾನು ಬಾಳೆಹಣ್ಣು ತಗೊಂಡು ಬತ್ತೀನಿ.’

ಜಾವಗಲ್ ಮೇಲೆ ಹಳೇಬೀಡು, ಬೇಲೂರಿಗೆ ಹೋಗುವ ಬಸ್ಸು. ನಮ್ಮ ಕಡೆ ಸೀಟು ಹಿಡಿಯುವುದೆಂದರೆ ಬಾಗಿಲಿಗೆ ನುಗ್ಗುವುದಲ್ಲ. ಕಿಟಕಿಯಿಂದ ಟವೆಲ್ಲೋ ಬ್ಯಾಗೋ ಹಾಕಿ ನೆಮ್ಮದಿಯಾಗಿ ಟೀ ಕುಡಿಯುವುದು. ಅದರ ಮೇಲೆ ಯಾರೂ ಕೂರುವುದಿಲ್ಲ. ಮಾವನ ಬ್ಯಾಗನ್ನು ಎತ್ತಿ ಹಾಕಿದೆ. ತಲೆಯ ಮೇಲಿನ ಮೈಕಿನಲ್ಲಿ, ವಾರಸುದಾರರಿಲ್ಲದ ಬ್ಯಾಗು ಕಂಡರೆ ಕೂಡಲೇ ಕೂಗಿ ತಿಳಿಸಿ ಎಂದು ಹೇಳುತ್ತಲೇ ಇದ್ದರು. ಕಾಲೇಜಿನಲ್ಲಿ ‘ಭದ್ರತೆಗಾಗಿ ಅನುಕೂಲ ಬಿಡಬೇಕೆ?’ ಎಂಬ ಚರ್ಚೆಯಲ್ಲಿ ಒಂದು ವರ್ಷ ಪರವಾಗಿ, ಮರುವರ್ಷ ವಿರೋಧವಾಗಿ ಮಾತಾಡಿ ಎರಡು ಸಲವೂ ಬಹುಮಾನ ಹೊಡೆದವಳು ನಾನು. ಮೈಕನ್ನು ನೋಡಿ ನಗು ಬಂತು.

ಬಸ್ಸು ಹತ್ತಿದ ಹೆಂಗಸೊಬ್ಬಳು ಬ್ಯಾಗನ್ನು ಸರಿಸಲು ಹೋಗಿ ಒಳಗೆ ನೋಡಿದಳು.

‘ಅಯ್ಯಯ್ಯೋ, ಕುಕ್ಕರ್ ಐತೆ!’

ಒಂದೇ ಬಾಗಿಲಿಗೆ ಐವತ್ತು ಜನ. ಒಬ್ಬ ಮುದುಕಿ ಮೆಟ್ಟಿಲಿನಿಂದ ಮುಖ ಕೆಳಗಾಗಿ ಬಿದ್ದಳು. ಅವಳ ಕೈ ಮೇಲೆ ಯಾರದೋ ಬೂಟು. ಮೂಳೆ ಮುರಿದ ಸದ್ದು ಟೀ ಅಂಗಡಿಯ ಹತ್ತಿರ ನಿಂತಿದ್ದ ನನಗೂ ಕೇಳಿಸಿತು. ಅಲ್ಲಿ ಬಾಂಬು ಇರಲಿಲ್ಲ. ಆದರೂ ರಕ್ತ ಬಂದಿತ್ತು.

‘ಯಾರದ್ಲಾ ಬ್ಯಾಗು?’ ಎಂದು ದಪ್ಪನೆಯವನೊಬ್ಬ ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, ‘ನಿಂದೇನಮ್ಮಾ?’ ಎಂದ.

‘ನಂದು’ ಅಂದಿದ್ದರೆ ಮುಗಿಯುತ್ತಿತ್ತು. ನಾನು ಅಂದದ್ದು: ‘ಯಾರದಾದ್ರೇನು? ಕುಕ್ಕರ್ ಎಲ್ಲರ ಮನೇಲೂ ಇರಲ್ವಾ? ಬಾಂಬ್ ಇಡೋನು ಹಿಂಗೆ ಎಲ್ಲರಿಗೂ ಕಾಣೋ ಹಾಗೆ ಇಡ್ತಾನಾ?’ ವಾದ ಸರಿಯಾಗಿಯೇ ಇತ್ತು. ಆದರೆ ನಾನು ವಾದದ ಹಿಂದೆ ಅಡಗಿಕೊಂಡಿದ್ದೆ. ಅವರ ಕಣ್ಣು ನೋಡಿದ್ದೆ. ‘ನಂದು’ ಅಂದವರಿಗೆ ಏಟು ಬೀಳುತ್ತದೆ ಎಂಬುದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಮಾವ ಜನರನ್ನು ಸರಿಸಿಕೊಂಡು ಬಂದ. ‘ನಂದು ಕಣ್ರಪ್ಪಾ, ಏನಾಯ್ತು?’

ಮೊದಲ ಏಟು ಎಡಗೆನ್ನೆ, ಕಿವಿ ಎರಡಕ್ಕೂ ಸೇರಿ ಬಿತ್ತು. ಆಮೇಲೆ ಯಾರು, ಎಷ್ಟು ಎಂದು ಗೊತ್ತಾಗಲಿಲ್ಲ. ಅಂಗಿಯ ಕಾಲರ್ ಹಿಡಿದು ಎಳೆದರು. ಬಿದ್ದಾಗ ಹೊಟ್ಟೆಗೆ ಒದ್ದರು. ಚಪ್ಪಲಿಯಿಂದ ಬಾಯಿಗೆ ಹೊಡೆದರು. ಹಲ್ಲೊಂದು ತುಟಿ ಸೀಳಿ ಹೊರಗೆ ಬಂತು. ‘ಎಷ್ಟು ಜನಾನ ಕೊಲ್ಲೋಕೆ ಬಂದಿದ್ದೆ?’ ಎಂದು ಕೇಳುತ್ತಿದ್ದವನು ಉತ್ತರ ಹೇಳಲು ಬಿಡದಂತೆ ಕತ್ತು ಅದುಮಿದ್ದ. ಮುರಿದ ಕೈಯ ಮುದುಕಿ ಅಲ್ಲೇ ನೆಲದಲ್ಲಿ ನರಳುತ್ತಿದ್ದಳು. ಅವಳನ್ನು ದಾಟಿಕೊಂಡೇ ಹೊಡೆಯುತ್ತಿದ್ದರು. ನಾನು ಟೀ ಅಂಗಡಿಯ ಹತ್ತಿರವೇ ನಿಂತಿದ್ದೆ.

ಪೊಲೀಸರು ಬಂದು ಗುಂಪು ಚದುರಿಸಿ ಕುಕ್ಕರ್ ತೆಗೆದರು. ಒಳಗೆ ಮಾವ ಹಳೇಬೀಡಿನಲ್ಲಿರುವ ತನ್ನ ಮಗಳಿಗೆಂದು ಕಟ್ಟಿಸಿದ್ದ ಚಟ್ನಿಪುಡಿ ಇತ್ತು.

ಕೂಗಿದ ಹೆಂಗಸಿನದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಮೈಕು ಹೇಳಿದ್ದನ್ನೇ ಅವಳು ಮಾಡಿದಳು. ಆದರೆ ‘ಇದು ಯಾರದು?’ ಎಂದು ಕೇಳುವ ಎಚ್ಚರಿಕೆಗೆ ಬೆಲೆ ಬರಬೇಕಾದರೆ, ‘ನಂದು’ ಎಂದವನು ಬದುಕಿ ಮನೆಗೆ ಹೋಗುವಂತಿರಬೇಕು. ಅದಿಲ್ಲದ ಕಡೆ ಎಷ್ಟು ಗೇಟು ಮುಚ್ಚಿದರೂ ಅಷ್ಟೆ. ಈ ಮಾತನ್ನು ಯಾವ ವೇದಿಕೆಯಲ್ಲಾದರೂ ಗೆಲ್ಲಿಸಬಲ್ಲೆ.

ಆಸ್ಪತ್ರೆಯಲ್ಲಿ ವೈದ್ಯರು ಕಿವಿಯ ತಮಟೆ ಹರಿದಿದೆ ಎಂದರು. ಮಾವನದು ಕೊಬ್ಬರಿ ವ್ಯಾಪಾರ. ಅಟ್ಟದಲ್ಲಿ ಒಣಗಿದ ಕಾಯನ್ನು ಎಡಗಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಉಂಡೆ ಚಿಪ್ಪಿನಿಂದ ಬಿಟ್ಟಿದೆಯೋ, ಕೆಟ್ಟಿದೆಯೋ ಎಂದು ಒಡೆಯದೆ ಹೇಳುತ್ತಿದ್ದ. ಸುತ್ತಲಿನ ಬೆಳೆಗಾರರು ನಂಬುತ್ತಿದ್ದದ್ದು ಆ ಕಿವಿಯನ್ನು. ‘ವಾಸಿಯಾಗುತ್ತಾ?’ ಎಂದು ಅತ್ತೆ ಕೇಳಿದಳು. ವೈದ್ಯರು, ನೋಡೋಣ ಎಂದರು.

ಅತ್ತೆ ಹೊರಗೆ ಹೋದ ಮೇಲೆ ಮಂಚದ ಎಡಕ್ಕೆ ಕೂತೆ. ‘ಮಾವ, ಬ್ಯಾಗು ಯಾರದು ಅಂತ ನನ್ನನ್ನೇ ಮೊದ್ಲು ಕೇಳಿದ್ರು. ನಾನು ಹೇಳಲಿಲ್ಲ.’ ಹೇಳಿ ಮುಗಿಸಿ ತಲೆ ತಗ್ಗಿಸಿದೆ.

ಮಾವ ಹೊಲಿಗೆ ಹಾಕಿದ ತುಟಿಯನ್ನು ಕಷ್ಟಪಟ್ಟು ಬಿಡಿಸಿದ. ‘ಏನಂದೆ? ಈ ಕಡೆ ಬಾರೇ.’

ಎದ್ದು ಬಲಕ್ಕೆ ಹೋದೆ. ಎರಡನೆಯ ಸಲ ಹೇಳುವಾಗ ಗಟ್ಟಿಯಾಗಿ ಹೇಳಬೇಕಾಯಿತು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.