ಹೊತ್ತು ಮುಳುಗಿದ ಮೇಲಿನ ಎರಡು ಗೋಲು

ನಿಮ್ಮ ತಾತ ಫುಟ್‌ಬಾಲ್ ಆಡುತ್ತಿದ್ದರು ಎಂದರೆ ನೀವು ನಗುತ್ತೀರಿ. ಆಡುತ್ತಿದ್ದದ್ದು ನಿಜ. ಆದರೆ ಅವರು ಆಡಿದ್ದನ್ನು ನಾನು ಒಂದು ದಿನವೂ ಕಣ್ಣಾರೆ ಕಂಡವಳಲ್ಲ. ಆ ಕಾಲದಲ್ಲಿ ಮನೆಯ ಸೊಸೆ ಮೈದಾನದ ಕಡೆ ತಲೆಹಾಕುವಂತಿರಲಿಲ್ಲ. ನಡುಮನೆಯ ಬಾಗಿಲ ಹಿಂದೆ ನಿಂತು, ಜಗಲಿಯ ಮೇಲೆ ಗಂಡಸರು ಮಾಡುತ್ತಿದ್ದ ವಾದ ಕೇಳಿಯೇ ಅವರ ಆಟವೆಲ್ಲ ನನಗೆ ತಿಳಿದದ್ದು. ನನಗೆ ಬರೆಯುವ ಅಭ್ಯಾಸವಿಲ್ಲ. ಹಳ್ಳಿಯ ಶಾಲೆಯಲ್ಲಿ ಮೂರನೆಯ ಕ್ಲಾಸಿನವರೆಗೆ ಕಲಿತದ್ದಷ್ಟೇ. ಬಾಯಲ್ಲಿ ಹೇಳೋಣವೆಂದು ಕೂತರೆ ಬೇರೇನೋ ಹೇಳಿ ಎದ್ದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಮಾಗಡಿ ಸೀಮೆಯಲ್ಲಿ, ತಿಪ್ಪಸಂದ್ರದ ಪಕ್ಕ. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದಾಗ ನಿಮ್ಮ ತಾತ ಇನ್ನೂ ಹೈಸ್ಕೂಲಿನಲ್ಲಿ ಓದುತ್ತಿದ್ದರು. ಮಹಾರಾಜರ ಕಾಲ ಅದು. ಕಾಲೇಜು ಎಂಬುದು ದೊಡ್ಡ ಊರುಗಳ ಮಾತು. ನಮ್ಮ ಪೇಟೆಯವರಿಗೆ ಆ ಹೈಸ್ಕೂಲೇ ಕಾಲೇಜು, ಅಲ್ಲಿ ಚೆಂಡಾಡುವ ಹುಡುಗರೇ ಸೈನ್ಯ. ಮಾವನವರದು ರೇಷ್ಮೆಗೂಡಿನ ವ್ಯಾಪಾರ. ಸಂಜೆ ಗೂಡಿನ ಮೂಟೆಗಳನ್ನು ಒಳಗಿಟ್ಟ ಮೇಲೆ ನಮ್ಮ ಜಗಲಿಗೆ ಜನ ಬಂದು ಕೂರುತ್ತಿದ್ದರು. ಗೂಡಿನ ಧಾರಣೆಯಿಂದ ಶುರುವಾದ ಮಾತು ಎಲೆ ಅಡಿಕೆ ಮುಗಿಯುವ ಹೊತ್ತಿಗೆ ಫುಟ್‌ಬಾಲಿಗೆ ತಿರುಗುತ್ತಿತ್ತು.

ತಪ್ಪದೆ ಬರುತ್ತಿದ್ದವರು ಮೂವರು. ಒಬ್ಬರು ರೇಷ್ಮೆ ನೂಲು ಬಿಚ್ಚಿಸುವ ಸಾಹೇಬರು, ಮಾವನವರ ಹಳೆಯ ಸ್ನೇಹಿತರು. ಇನ್ನೊಬ್ಬರು ಅಂಚೆಯವರು. ಅವರು ಒಮ್ಮೆ ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿ ಸೋಲ್ಜರುಗಳ ಆಟ ನೋಡಿ ಬಂದಿದ್ದರು. ಆಮೇಲೆ ಊರಿನ ಯಾವ ಹುಡುಗನ ಹೆಸರೆತ್ತಿದರೂ, ಬೆಂಗಳೂರಿನಲ್ಲಾದರೆ ಇವನಿಗೆ ಚೆಂಡು ತಂದುಕೊಡುವ ಕೆಲಸವೂ ಸಿಗುವುದಿಲ್ಲ ಎನ್ನುತ್ತಿದ್ದರು. ಮೂರನೆಯವನು ಜಟಕಾ ಹೊಡೆಯುವವನು. ಅವನಿಗೆ ನಮ್ಮೂರ ಹುಡುಗರ ಮುಂದೆ ಯಾವ ಸೋಲ್ಜರೂ ಲೆಕ್ಕಕ್ಕಿರಲಿಲ್ಲ. ಆಟ ಇದ್ದ ದಿನ ಅವನು ಬಾಡಿಗೆಗೆ ಹೋಗುತ್ತಿರಲಿಲ್ಲ, ಕುದುರೆಯನ್ನು ಮೈದಾನದ ಅಂಚಿನಲ್ಲೇ ಕಟ್ಟಿ ನಿಲ್ಲುತ್ತಿದ್ದ. ಸೋತ ದಿನ ಆ ಕುದುರೆಯ ಪಾಡು ದೇವರೇ ಬಲ್ಲ.

ಆ ವರ್ಷ ಅವರಿಗೆ ವಾದಕ್ಕೆ ಒಳ್ಳೆಯ ವಸ್ತು ಸಿಕ್ಕಿತು. ಹಳೆಯ ಡ್ರಿಲ್ ಮೇಷ್ಟರಿಗೆ ಕಾನಕಾನಹಳ್ಳಿಗೆ ವರ್ಗವಾಯಿತು. ನೀವು ಈಗ ಕನಕಪುರ ಎನ್ನುವ ಊರನ್ನು ಆಗ ಹಾಗೆ ಕರೆಯುತ್ತಿದ್ದರು. ಅವರ ಜಾಗಕ್ಕೆ ಬೆಂಗಳೂರಿನಿಂದ ಹೊಸಬರು ಬಂದರು. ಬಂದ ವಾರದಲ್ಲೇ ಹುಡುಗರ ಜಾಗಗಳನ್ನೆಲ್ಲ ಅದಲುಬದಲು ಮಾಡಿದರು. ನಿಮ್ಮ ತಾತ ಅಲ್ಲಿಯವರೆಗೆ ಮುಂದೆ ನಿಂತು ಗೋಲು ಹೊಡೆಯುತ್ತಿದ್ದವರು. ಹೊಸ ಮೇಷ್ಟರು ಅವರ ಎತ್ತರ ನೋಡಿ, ತೋಳು ಅಳೆದು, ಗೋಲು ಕಾಯಲು ನಿಲ್ಲಿಸಿದರು.

ಜಗಲಿ ಎರಡು ಭಾಗವಾಯಿತು. ಓಡುವ ಕುದುರೆಯನ್ನು ಗೂಟಕ್ಕೆ ಕಟ್ಟಿದಂತಾಯಿತು ಎಂದು ಸಾಹೇಬರು ಮರುಗಿದರು. ಹಳೆಯ ಮೇಷ್ಟರಿಗೆ ಆಟವೇ ಗೊತ್ತಿರಲಿಲ್ಲ, ಪ್ರತಿಭೆ ಇರುವವನನ್ನು ಇರಬೇಕಾದ ಜಾಗದಲ್ಲಿ ನಿಲ್ಲಿಸಲು ಈಗ ಬುದ್ಧಿವಂತರು ಬಂದಿದ್ದಾರೆ ಎಂದು ಅಂಚೆಯವರು ಹೇಳಿದರು. ಜಟಕಾದವನು ದಿನಕ್ಕೊಂದು ಕಡೆ. ಕ್ಲೋಸ್‌ಪೇಟೆಯ ಮೇಲೆ, ಅಂದರೆ ಈಗಿನ ರಾಮನಗರದ ಮೇಲೆ ಗೆದ್ದ ದಿನ ಹೊಸ ಮೇಷ್ಟರ ಕಾಲಿಗೆ ಬೀಳಬೇಕೆಂದ. ಮುಂದಿನ ವಾರ ಒಂದು ಗೋಲು ಒಳಗೆ ಹೋದಾಗ, ಅದೇ ಮೇಷ್ಟರನ್ನು ರೈಲು ಹತ್ತಿಸಬೇಕೆಂದ. ಮಾವನವರು ಯಾವ ಕಡೆಗೂ ಮಾತಾಡುತ್ತಿರಲಿಲ್ಲ. ಮಗನ ಹೆಸರು ಹತ್ತು ಬಾಯಲ್ಲಿ ಆಡುವುದನ್ನು ಕೇಳುತ್ತ ಎಲೆಗೆ ಸುಣ್ಣ ಸವರುತ್ತ ಕೂರುತ್ತಿದ್ದರು. ಅದು ಅವರಿಗೆ ಎಷ್ಟು ಸುಖವೆಂದು ಬಾಗಿಲ ಹಿಂದಿದ್ದ ನನಗೂ ತಿಳಿಯುತ್ತಿತ್ತು.

ನನಗೆ ಮಾತ್ರ ಆ ಮಾತು ಕೇಳಿದಷ್ಟೂ ಹೆದರಿಕೆ ಹೆಚ್ಚುತ್ತಿತ್ತು. ಏಕೆಂದರೆ ನಿಮ್ಮ ತಾತನಿಗೆ ಇರುಳುಗಣ್ಣು.

ಹಗಲಲ್ಲಿ ಅವರ ಕಣ್ಣು ಹದ್ದಿನಂತೆ. ಹೊತ್ತು ಮುಳುಗಿತೋ, ಏನೂ ಕಾಣದು. ದೀಪದ ಬುಡದಲ್ಲಿ ಕೂತರೆ ಪುಸ್ತಕ ಓದುವರು. ಎದ್ದು ನಾಲ್ಕು ಹೆಜ್ಜೆ ಬಂದರೆ ಕಂಬಕ್ಕೆ ಹಾಯುವರು. ನಾನು ಮನೆಗೆ ಬಂದ ಹೊಸದರಲ್ಲಿ ಒಂದು ಮುಸ್ಸಂಜೆ ಅವರು ಗೋಡೆಯನ್ನು ಅಂಗೈಯಿಂದ ಸವರಿಕೊಂಡು ಒಳಗೆ ಬರುವುದನ್ನು ಕಂಡೆ. ದಾರಿಯಲ್ಲಿ ನಾನು ನೀರಿನ ಬಿಂದಿಗೆ ಹಿಡಿದು ನಿಂತಿದ್ದೆ. ನನ್ನ ಮುಖದ ಮೇಲೆ ಅವರ ಕೈ ಬಿತ್ತು. ಇಬ್ಬರೂ ಹೆದರಿದೆವು. ಆಮೇಲೆ ಅವರು ಮೆಲ್ಲಗೆ, "ಯಾರ್‌ಗೂ ಹೇಳ್ಬೇಡ ಕಣೇ. ಡ್ರಿಲ್ ಮೇಷ್ಟ್ರಿಗೆ ಬುಟ್ರೆ ಇನ್ಯಾರ್‌ಗೂ ಗೊತ್ತಿಲ್ಲ" ಎಂದರು. ಅದೇ ಅವರು ನನ್ನೊಡನೆ ಆಡಿದ ಮೊದಲ ಉದ್ದದ ಮಾತು.

ಗೊತ್ತಾದರೆ ಆಟದಿಂದ ತೆಗೆಯುತ್ತಾರೆ, ಕುರುಡ ಎಂದು ಹೆಸರಿಡುತ್ತಾರೆ ಎಂಬುದು ಅವರ ಹೆದರಿಕೆ. ಆಟ ಬಿಟ್ಟರೆ ಅವರಿಗೆ ಬೇರೆ ಜೀವವಿರಲಿಲ್ಲ. ಹಳೆಯ ಮೇಷ್ಟರು ಇದನ್ನು ತಿಳಿದೇ ಅವರನ್ನು ಮುಂದೆ ನಿಲ್ಲಿಸಿದ್ದರು. ಬೆಳಕಿರುವಾಗ ಗೋಲು ಹೊಡೆಸಿ, ಮಬ್ಬಾಗುವ ಹೊತ್ತಿಗೆ ಕಾಲು ಉಳುಕಿತೆಂದೋ ಮತ್ತೊಂದೋ ನೆಪ ಹೇಳಿ ಹೊರಗೆ ಕರೆಯುತ್ತಿದ್ದರು. ಗೋಲು ಕಾಯುವವನನ್ನು ಹಾಗೆ ಕರೆಯುವುದು ಹೇಗೆ? ಹೊಸ ಮೇಷ್ಟರಿಗೆ ಹೇಳಿರೆಂದು ನಾನು ಎಷ್ಟೋ ಸಲ ಕೇಳಿಕೊಂಡೆ. ಅವರು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ನಾನು ಸಂಜೆ ಎಲ್ಲರಿಗಿಂತ ಮುಂಚೆ ಬಾಗಿಲಿಗೆ ದೀಪ ಹಚ್ಚಿಡತೊಡಗಿದೆ. ಎಣ್ಣೆ ಹಾಳೆಂದು ಅತ್ತೆ ಗದರಿದರೂ ಬಿಡಲಿಲ್ಲ.

ಹೀಗಿರುವಾಗ ಕಾನಕಾನಹಳ್ಳಿಯ ಹುಡುಗರು ನಮ್ಮೂರಿಗೆ ಆಡಲು ಬರುತ್ತಾರೆಂದು ಗೊತ್ತಾಯಿತು. ಅವರನ್ನು ತಯಾರು ಮಾಡಿದ್ದು ಹಳೆಯ ಮೇಷ್ಟರೇ. ಜಗಲಿಯ ಮೇಲೆ ಆ ವಾರವೆಲ್ಲ ಬೇರೆ ಮಾತಿಲ್ಲ. ಶಿಷ್ಯ ಗುರುವಿನ ಎದುರು ನಿಂತು ನಿಜವಾಗಿ ಆಡುತ್ತಾನೋ ಇಲ್ಲವೋ ಎಂದು ಅಂಚೆಯವರು ಅನುಮಾನ ಎತ್ತಿದರು. ಹಳೆಯ ಮೇಷ್ಟರ ಮೇಲೆ ಅವನಿಗೆ ಪ್ರೀತಿ ಹೆಚ್ಚು, ಹೊಸಬರ ಮೇಲೆ ಮುನಿಸಿದೆ, ಎಲ್ಲರೂ ನೋಡಿದ್ದೇವೆ ಎಂದರು. ಸಾಹೇಬರು ಬೇಸರದಿಂದ ಎದ್ದು ಹೋದರು. ಆಗ ಜಟಕಾದವನು ಮಾವನವರು ಕೂತಿರುವಂತೆಯೇ ಹೇಳಿದ: "ಹಂಗೇನಾರ ಮಾಡುದ್ರೆ ಗೌಡ್ರ ಮಗ ಅಂತ ನೋಡಾಕಿಲ್ಲ. ಕಾಲು ಮುರುದ್‌ಬುಡ್ತೀವಿ."

ಅವನು ನಗುತ್ತಲೇ ಹೇಳಿದ. ಯಾರೋ ನಕ್ಕರು ಕೂಡ. ನಾನು ಒಳಗೆ ಹೋಗಿ ಒರಳಿನ ಪಕ್ಕ ಕೂತೆ. ಮೂರು ಮೂರೂವರೆಗೆ ಆಟ ಶುರುವಾದರೆ ಬೆಳಕಿರುವಾಗಲೇ ಮುಗಿಯುತ್ತದೆ, ಏನೂ ಆಗದು ಎಂದು ನಿಮ್ಮ ತಾತ ಧೈರ್ಯ ಹೇಳಿದರು.

ಆಟದ ದಿನ ಕಾನಕಾನಹಳ್ಳಿಯ ಹುಡುಗರು ಬರುವುದೇ ತಡವಾಯಿತು. ಬರುತ್ತಿದ್ದ ಮೋಟಾರು ದಾರಿಯಲ್ಲಿ ಕೆಟ್ಟು, ಉಳಿದ ದಾರಿ ನಡೆದು ಬಂದರಂತೆ. ಈ ಸುದ್ದಿಯನ್ನು ಬೀದಿಯಲ್ಲಿ ಹೋಗುವವರು ಕೂಗಿ ಹೇಳಿದಾಗ ನಾನು ಹಿತ್ತಿಲಲ್ಲಿ ರಾಗಿ ಕೇರುತ್ತಿದ್ದೆ. ಬಿಸಿಲು ಆಗಲೇ ಪಕ್ಕದ ಮನೆಯ ಹೆಂಚಿನ ಮೇಲೆ ಏರಿತ್ತು.

ಮೈದಾನ ನಮ್ಮ ಹಿತ್ತಿಲಿಗೆ ಕಾಣದು, ಸದ್ದು ಕೇಳುತ್ತದೆ. ಸೀಟಿ ಕೇಳಿತು. ಸ್ವಲ್ಪ ಹೊತ್ತಿಗೆ ಊರೇ ಹೋ ಎಂದಿತು. ನಮ್ಮವರು ಗೋಲು ಹೊಡೆದರು ಎಂದುಕೊಂಡೆ. ಹೆಂಚಿನ ಮೇಲಿನ ಬಿಸಿಲು ಹೋಯಿತು. ಬಾವಿಕಟ್ಟೆಯ ಮೇಲಿಟ್ಟಿದ್ದ ತಂಬಿಗೆಯನ್ನು ನೋಡುತ್ತ ನಿಂತೆ. ಅದು ನನಗೆ ಕಾಣುತ್ತಿದೆ, ಅವರಿಗೂ ಚೆಂಡು ಕಾಣುತ್ತಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ಸುಳ್ಳೆಂದು ನನಗೇ ಗೊತ್ತಿತ್ತು. ಆಮೇಲೆ ತಂಬಿಗೆ ನನಗೂ ಮಸುಕಾಯಿತು. ಮೈದಾನದಲ್ಲಿ ಜನ ಯಾರನ್ನೋ ಹಳಿದು ಕೂಗುತ್ತಿದ್ದರು. ಆಮೇಲೆ ಸದ್ದು ನಿಂತಿತು. ನಮ್ಮೂರು ಗೆದ್ದರೆ ಕೂಗು ಬರಬೇಕು. ಕೂಗಿಲ್ಲ. ಇನ್ನೊಮ್ಮೆ ಸೀಟಿ ಕೇಳಿತು, ಆಗಲೂ ಕೂಗಿಲ್ಲ. ಆ ಮೌನದಲ್ಲಿ ಆದಂಥ ಭಯ ನನಗೆ ಹೆರಿಗೆಯಲ್ಲೂ ಆಗಿಲ್ಲ.

ಜನ ನಮ್ಮ ಮನೆಯ ಕಡೆಗೇ ಬಂದರು. ಮಾವನವರು ಮಗನ ತೋಳು ಹಿಡಿದು ಮುಂದೆ, ಹಿಂದೆ ಬೀದಿ ತುಂಬ ಜನ. ನಾನು ಬಾಗಿಲ ಹಿಂದೆ ಸರಿದು ನಿಂತೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

ನಡೆದದ್ದು ಅವರ ಮಾತಿನಿಂದಲೇ ತಿಳಿಯಿತು. ಆಟ ಮುಗಿಯಲು ಇನ್ನೂ ಹೊತ್ತಿತ್ತು. ನಮ್ಮವರು ಒಂದು ಗೋಲು ಮುಂದಿದ್ದರು. ಆಗ ಹಳೆಯ ಮೇಷ್ಟರು ಅಂಚಿನಲ್ಲಿ ಎದ್ದು ನಿಂತು, ಬೆಳಕು ಹೋಯಿತು, ಆಟ ನಿಲ್ಲಿಸಿ ಎಂದು ಕೈ ಎತ್ತಿ ಬೀಸಿದರು. ಸೋಲುವ ಭಯಕ್ಕೆ ಹೀಗೆ ಮಾಡುತ್ತಾನೆಂದು ಜನ ಅವರನ್ನು ಹಳಿದರು. ರೆಫರಿ ನಿಲ್ಲಿಸಲಿಲ್ಲ. ಅದಾದ ಮೇಲೆಯೇ ಎರಡು ಚೆಂಡು ಒಳಗೆ ಹೋದವು. ಒಂದಂತೂ ಉರುಳುತ್ತ ಉರುಳುತ್ತ ನಿಮ್ಮ ತಾತನ ಕಾಲ ಪಕ್ಕದಲ್ಲೇ ಹೋಯಿತಂತೆ. ಅವರು ಆಚೆ ಕಡೆಗೆ ಕೈ ಚಾಚಿ ನಿಂತಿದ್ದರಂತೆ.

"ಕೈ ಬೀಸಿದ್ದೇ ಸನ್ನೆ" ಎಂದರು ಅಂಚೆಯವರು. "ಇನ್ನು ಬುಟ್ಕೊಡು ಅಂತ ಗುರು ಹೇಳ್ದ, ಶಿಷ್ಯ ಬುಟ್ಕೊಟ್ಟ. ಇದ್ರಾಗೆ ತಿಳೀದೆ ಇರೋದು ಏನೈತೆ?"

ಹಳೆಯ ಮೇಷ್ಟರು ಏಕೆ ಕೈ ಎತ್ತಿದರೆಂದು ಆ ಬೀದಿಯಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬರು ನಿಮ್ಮ ತಾತ, ಅವರು ತಲೆ ತಗ್ಗಿಸಿ ನಿಂತಿದ್ದರು. ಜಟಕಾದವನು ಅವರ ಅಂಗಿಯ ಕತ್ತಿನ ಪಟ್ಟಿಗೆ ಕೈ ಹಾಕಿದ್ದ. "ಬಾಯ್ಬುಡ್ಲಾ. ಎಷ್ಟಕ್ಕೆ ಮಾರ್ದೆ ಊರ್ನ?" ಎಂದು ಕೇಳಿದ. ನಿಮ್ಮ ತಾತ ಪಟ್ಟಿ ಬಿಡಿಸಿಕೊಳ್ಳಲೂ ಕೈ ಎತ್ತಲಿಲ್ಲ. ಕುರುಡ ಎನ್ನಿಸಿಕೊಳ್ಳುವುದಕ್ಕಿಂತ ಮೋಸಗಾರ ಎನ್ನಿಸಿಕೊಳ್ಳುವುದೇ ಮೇಲೆಂದು ಅವರು ಆಗಲೇ ತೀರ್ಮಾನಿಸಿದ್ದರು. ಗುಂಪಿನ ಹಿಂದಿನಿಂದ ಯಾರೋ ಒಬ್ಬ ಸೌದೆಯ ದೊಣ್ಣೆ ಹಿಡಿದು ನುಗ್ಗಿ ಬರುತ್ತಿದ್ದುದು ನನಗೆ ಬಾಗಿಲ ಸಂದಿನಿಂದ ಕಂಡಿತು. ಅವರಿಗೆ ಅದೂ ಕಾಣುತ್ತಿರಲಿಲ್ಲ. ದೊಣ್ಣೆ ಬಂದರೆ ತಲೆ ತಪ್ಪಿಸಲೂ ಅವರಿಗೆ ಆಗುವುದಿಲ್ಲವಲ್ಲ ಎನ್ನಿಸಿತು.

ನಮ್ಮಲ್ಲಿ ಸೊಸೆ ಮಾವನೊಡನೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಏನಾದರೂ ಹೇಳಲೇಬೇಕಾದರೆ ಬಾಗಿಲ ಹಿಂದೆ ನಿಂತು, ಕಂಬಕ್ಕೋ ಗೋಡೆಗೋ ಹೇಳುವಂತೆ ಹೇಳಬೇಕು. ನಾನು ಕಂಬಕ್ಕೇ ಹೇಳಿದೆ. "ಅವ್ರಿಗೆ ಹೊತ್ತು ಮುಳುಗುದ್‌ಮ್ಯಾಕೆ ಕಣ್ಣು ಕಾಣಾಕಿಲ್ಲ. ಮೇಷ್ಟ್ರಿಗೆ ಅದು ಗೊತ್ತು. ಅದ್ಕೇ ಕೈ ಬೀಸವ್ರೆ."

ನನ್ನ ದನಿ ಅಷ್ಟು ದೊಡ್ಡದಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ದೊಣ್ಣೆಯವನು ನಿಂತ. ಆದರೆ ನಂಬಿದವರು ಕಡಿಮೆ. ಗಂಡನನ್ನು ಉಳಿಸಿಕೊಳ್ಳಲು ಹೆಂಡತಿ ಕಟ್ಟಿದ ಕತೆ ಎಂದು ಅಂಚೆಯವರು ಅಂದರು. ಜಟಕಾದವನು ಜಗಲಿಯ ಮೇಲಿದ್ದ ಲಾಂದ್ರವನ್ನು ತೆಗೆದು, ನಿಮ್ಮ ತಾತನ ಮುಂದೆ ಅದರ ಬೆಳಕು ಬೀಳದಿರಲೆಂದು, ಹಿಂದಿದ್ದವರ ಕೈಗೆ ದಾಟಿಸಿದ. ಬೀದಿಯಲ್ಲಿ ಇನ್ನೂ ಹತ್ತಿರ ನಿಂತವರ ಮುಖ ಗುರುತು ಸಿಗುವಷ್ಟು ಬೆಳಕಿತ್ತು. ಎಲೆ ಅಡಿಕೆಯ ತಟ್ಟೆಯನ್ನು ಎತ್ತಿ ಅವರ ಮುಂದೆ ಹಿಡಿದು, "ತಕೋ" ಎಂದ.

ನಿಮ್ಮ ತಾತ ಕೈ ಚಾಚಿದರು. ಜಟಕಾದವನು ಸದ್ದಿಲ್ಲದೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವರ ಕೈ ಗಾಳಿಯಲ್ಲಿ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಆಡಿತು. ಏನೂ ಸಿಗಲಿಲ್ಲ. ಅವರು ಕೈ ಇಳಿಸಲಿಲ್ಲ, ಹುಡುಕುತ್ತಲೇ ಇದ್ದರು. ಊರೆಲ್ಲ ನೋಡುತ್ತಿತ್ತು. ಏಟಿನಿಂದ ಉಳಿಸಲು ಹೋಗಿ ಎಂಥ ಕಡೆಗೆ ತಳ್ಳಿದೆನಪ್ಪಾ ಎಂದುಕೊಂಡೆ.

ಸಾಹೇಬರು ಮುಂದೆ ಬಂದು ತಟ್ಟೆಯನ್ನು ಕಿತ್ತುಕೊಂಡರು. ಒಂದು ಎಲೆ ತೆಗೆದು ನಿಮ್ಮ ತಾತನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಸಾಕು, ಮನೇಗ್ ಹೋಗಿ" ಎಂದರು ಜನರಿಗೆ. ಜಟಕಾದವನು ಲಾಂದ್ರವನ್ನು ಮೊದಲಿದ್ದ ಜಾಗದಲ್ಲಿಟ್ಟು ಕೆಳಗಿಳಿದ. ಬೀದಿ ಖಾಲಿಯಾಯಿತು.

ಮಾವನವರು ಒಳಗೆ ಬಂದು ನನ್ನ ಎದುರಿಗೇ ನಿಂತು ಕೇಳಿದರು: "ಎಷ್ಟು ದಿನದಿಂದ ಐತವ್ವ ಇದು?" ಕಂಬಕ್ಕಲ್ಲ, ಗೋಡೆಗಲ್ಲ, ನನಗೆ. ನಾನು ಬಂದಾಗಿನಿಂದ ಎಂದೆ. ಅವರು ಆ ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ಸಂಜೆ ಜಗಲಿಗೆ ಮತ್ತೆ ಮೂವರೂ ಬಂದರು. ಬರುವುದಿಲ್ಲವೆಂದು ನಾನು ತಿಳಿದಿದ್ದೆ. ಈಗ ವಾದ ಬೇರೆ. ಕಣ್ಣು ಕಾಣದವನನ್ನು ಗೋಲಿಗೆ ನಿಲ್ಲಿಸಿದ ಹೊಸ ಮೇಷ್ಟರದ್ದೇ ತಪ್ಪೆಂದು ಅಂಚೆಯವರು ಕಡೆ ಬದಲಿಸಿದರು. ಕಾಣದೆಯೇ ಇಷ್ಟು ತಿಂಗಳು ತಡೆದನಲ್ಲ, ಬೆಂಗಳೂರಿನಲ್ಲಿ ಇಂಥವನು ಯಾರಿದ್ದಾನೆ ತೋರಿಸು ಎಂದು ಜಟಕಾದವನು ಕೇಳಿದ. ಯಾರೂ ತಪ್ಪಾಯಿತು ಎನ್ನಲಿಲ್ಲ. ಸಾಹೇಬರ ಮನೆಯಿಂದ ಮಾತ್ರ ವಾರಕ್ಕೆರಡು ಸಲ ಆಡಿನ ಈಲಿ, ನೀವು ಲಿವರ್ ಎನ್ನುತ್ತೀರಲ್ಲ ಅದು, ಬರತೊಡಗಿತು. ಇರುಳುಗಣ್ಣಿಗೆ ಅದೇ ಮದ್ದು, ಕೆಂಡದಲ್ಲಿ ಸುಟ್ಟು ತಿನ್ನಿಸಬೇಕೆಂದು ಅವರ ಬೀಬಿಯವರು ಹೇಳಿಕಳಿಸಿದ್ದರು. ಅತ್ತೆ ಅಗಸೆಸೊಪ್ಪು ತಂದು ಬೇಯಿಸಿದರು. ಅಳುತ್ತಲೇ ಬಡಿಸಿದರು.

ನಿಮ್ಮ ತಾತ ನನ್ನೊಡನೆ ಮಾತು ಬಿಟ್ಟರು. ಆಟಕ್ಕೂ ಹೋಗಲಿಲ್ಲ. ಆದರೆ ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗಬೇಕಾದಾಗ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ನಾನು ಹೋಗಿ ತೋಳು ಕೊಡುತ್ತಿದ್ದೆ. ಹಿಡಿದುಕೊಂಡು ಬರುತ್ತಿದ್ದರು. ಮೊದಲು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದವರು ಬರುಬರುತ್ತ ಭದ್ರವಾಗಿ ಹಿಡಿದರು.

ಕೆಲವು ವಾರ ಕಳೆದು ಒಂದು ಸಂಜೆ, ಕತ್ತಲಾದ ಮೇಲೆ, ಅವರು ಕೆಮ್ಮಲಿಲ್ಲ. ನಾನು ಒಲೆಯ ಮುಂದೆ ಇದ್ದೆ. ಹಿತ್ತಿಲ ಬಾಗಿಲು ತೆರೆದ ಸದ್ದು ಕೇಳಿತು. ಹೆಜ್ಜೆಗಳು ಬಾವಿಯ ಕಡೆಗೇ ಹೋದವು. ನಮ್ಮ ಬಾವಿಯ ಕಟ್ಟೆ ಬಾಗಿಲ ಕಡೆಗೆ ಕುಸಿದಿತ್ತು. ಎದ್ದು ಓಡಬೇಕೆನ್ನಿಸಿತು. ಓಡಿದರೆ ಅವರು ಮತ್ತೆ ಯಾವತ್ತೂ ನನ್ನ ಕಡೆ ನೋಡುವುದಿಲ್ಲವೆಂದೂ ಅನ್ನಿಸಿತು. ಮುದ್ದೆ ಕೋಲನ್ನು ಎದೆಗೆ ಅವುಚಿಕೊಂಡು ಕಿವಿಗೊಟ್ಟು ನಿಂತೆ. ಬಹಳ ಹೊತ್ತಾದ ಮೇಲೆ ರಾಟೆ ಕಿರುಗುಟ್ಟಿತು, ನೀರು ಬಿಂದಿಗೆಗೆ ಬಿತ್ತು. ಹೊರಗೆ ಚೆಲ್ಲಿದ ಸದ್ದು ಕೇಳಲಿಲ್ಲ. ಆ ಕತ್ತಲಲ್ಲಿ ಬಿಂದಿಗೆಯ ಬಾಯಿ ಅವರಿಗೆ ಕಂಡಿತ್ತು.